ಹಡಗಿನ್ಯಾಗ ನೀಡಾವರು ಯಾರು?

ರೊಟ್ಟಿಗೆಂದು ಗಂಡ ಅಂದಾನೆಪ್ಪ ಚಾಚಿದ ಕೈ ಚಾಚಿದಂತೇ ಇತ್ತು. ಬುಟ್ಟಿ ಹಿಡಿದು ನಿಂತ ರಾಚವ್ವ ನೀಡಲಿಲ್ಲ. ಅವಳ ಕಣ್ಣು ತಾಟಿನ ಬದಿಗೆ ತೆರೆದಿಟ್ಟ ಎರಡು ಹಡಗುಗಳ ಚಿತ್ರದ ಹಾಳೆಗಳ ಮೇಲಿತ್ತು.

“ಸಿಂಗಾಪುರಕ್ಕ ಈ ಹಡಗಽ ಪಕ್ಕಾ ಮಾಡ್ರಿ,” ಎಂದು ಅಂದಾನೆಪ್ಪ ಪಕ್ಕದಲ್ಲಿ ಉಣ್ಣುತ್ತಿದ್ದ ಬೆಳಗಾವಿಯ ಟೂರ್ ಏಜೆಂಟ್ ದಿಗಂಬರನಿಗೆ ಹೇಳಿದ. “ದೊಡ್ಡ ಸೂಟ್ ರೂಮು, ಸಮುದ್ರದ ಕಡೆ ಬಾಲ್ಕನಿ, ಊಟ ಖೋಲಿಗೇ ಬರತೈತಿ. ಮನ್ಯಾಗ ಉಂಡಂಗ! ಆ ಇನ್ನೊಂದು ಕಂಪನಿಯವರ ಖೋಲಿ ಸಣ್ಣದು. ಊಟಕ್ಕ ಹಾಲ್‌ಗೆ ಹೋಗಿ ಎಲ್ಲಾರ ನಡುವ ಕುಂದರಬೇಕು.”

ಹೊರಗಿನವರ ಮುಂದೆ ಎಂದೂ ಬಾಯಿ ಬಿಡದ ರಾಚವ್ವ ಕೇಳಿಯೇಬಿಟ್ಟಳು: “ಖೋಲಿಗೆ ಊಟ ತಂದವರು ನೀಡತಾರೇನ್ರಿ?”

“ಇಲ್ರಿ ಅಕ್ಕಾರ, ಮೇಜಿನ ಮ್ಯಾಲ ಇಟ್ಟು ಹೋಗತಾರ,” ಎಂದ ದಿಗಂಬರ.

“ಮತ್ತ ನೀಡಾವರು ಯಾರು?”

ಅಂದಾನೆಪ್ಪನ ಹುಬ್ಬು ಗಂಟಿಕ್ಕಿತು. “ನೀ ಇರತೀಯಲ್ಲ?”

ಮದುವೆಯಾಗಿ ಬೈಲಹೊಂಗಲಕ್ಕೆ ಬಂದಾಗಿನಿಂದ ರಾಚವ್ವ ಉಂಡದ್ದೆಲ್ಲ ಗಂಡ ಕೈ ತೊಳೆದ ಮೇಲೆ, ಒಲೆಯ ಮುಂದೆ, ಒಬ್ಬಳೇ. ಅವಳು ಬಗ್ಗಿ ಸಣ್ಣ ಖೋಲಿಯ ಹಡಗಿನ ಊಟದ ಹಾಲ್‌ನ ಚಿತ್ರದ ಮೇಲೆ ಬೆರಳಿಟ್ಟಳು. ಅಲ್ಲಿ ಒಂದು ಮೇಜು, ಎದುರುಬದುರು ಎರಡು ಕುರ್ಚಿ, ನೀಡಲು ನಿಂತ ಬಿಳಿ ಅಂಗಿಯವನು.

“ಇದು,” ಎಂದಳು.

“ಮೊದಲ ರೊಟ್ಟಿ ನೀಡು!” ಅಂದಾನೆಪ್ಪ ಗುಡುಗಿದ.

ರಾಚವ್ವ ಒಳಗೆ ಹೋಗಿ ಒಂದು ತಾಟು ತಂದಳು. ಗಂಡನ ಎದುರಿಗೆ ಕುಳಿತು, ಖಾಲಿ ತಾಟನ್ನು ಮುಂದಿಟ್ಟುಕೊಂಡು, ರೊಟ್ಟಿ ಬುಟ್ಟಿಯನ್ನು ಅವನ ಕಡೆ ಸರಿಸಿದಳು.

“ನೀಡ್ರಿ,” ಅಂದಳು.