ಹಿತ್ತಲ ಗೆಡ್ಡೆ

ಜ್ವರ ಬಿಟ್ಟು ಎಂಟು ತಿಂಗಳಾದರೂ ಮದುವೆ ಅಡುಗೆಯವನ ಮೂಗಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಇವತ್ತು ಇದ್ದಕ್ಕಿದ್ದಂತೆ ಹೆಂಡತಿಗೆ ಹೇಳಿದ: "ವಾಸನೆ ಬಂತು ಕಣೇ. ನಾಳೆ ಅಡುಗೆಗೆ ಹೋಗ್ತೀನಿ. ಇನ್ನೂ ಮನೇಲೇ ಕೂತ್ರೆ ಹುಚ್ಚು ಹಿಡಿಯುತ್ತೆ."

ಅವಳು ಹಿತ್ತಲಿಗೆ ಹೋದಳು. ಮೊಳಕೆ ಬಂದಿದ್ದ ಒಂದು ಗೆಡ್ಡೆಯ ತುಂಡನ್ನು ಜ್ವರ ಬಿಟ್ಟ ವಾರವೇ ಸಿಮೆಂಟ್ ಚೀಲದ ಮಣ್ಣಿನಲ್ಲಿ ಊರಿದ್ದಳು. ಈಗ ಬಲಿತಿದ್ದ ಗೆಡ್ಡೆ ಕಿತ್ತು, ತೊಳೆದು, ಮುರಿದು ಅವನ ಮೂಗಿಗೆ ಹಿಡಿದಳು.

"ಏನಿದು, ಹೇಳಿ."

ಅವನು ಜೋರಾಗಿ ಉಸಿರೆಳೆದುಕೊಂಡ. "ಆಹಾ, ಹಸಿ ಶುಂಠಿ! ಘಾಟು ನೆತ್ತಿಗೇರ್ತು ನೋಡು."

"ಇನ್ನೊಂದ್ಸಲ ನೋಡಿ."

"ಮೂವತ್ತು ವರ್ಷ ಶುಂಠಿ ಜಜ್ಜಿದೋನು ಕಣೇ ನಾನು! ನಂಗೆ ಗೊತ್ತಾಗಲ್ವಾ?"

"ನೋಡೋಕಷ್ಟೇ ಶುಂಠಿ. ಇದು ಮಾವಿನಶುಂಠಿ ರೀ. ಮನೆಯೆಲ್ಲ ಮಾವಿನಕಾಯಿ ವಾಸನೆ ಹೊಡೀತಿದೆ."