ಸೊಸೆ ಎತ್ತಿದ ಕಾಲು

ಜೋಳದ ಚೀಲ ಎತ್ತಲು ಬಾಗಿದ ಕೊಟ್ರಪ್ಪನ ಟೊಂಕ ಗಕ್ಕನೆ ಹಿಡಿದುಕೊಂಡಿತು. ಕುಷ್ಟಗಿಯ ಪಡಸಾಲೆಯಲ್ಲಿ ಅವನು ಕೂಗಿದ ಕೂಗಿಗೆ ಹೈದರಾಬಾದಿನ ದರ್ಬಾರಿನಲ್ಲಿ ಎಲೆಯಡಿಕೆಯ ಪಾನದಾನ ಉರುಳಿಬಿತ್ತು. ಬಾಗಿದವನು ಬಾಗಿಯೇ ಉಳಿದ.

“ಕಾಲು ಮುಂದಾಗಿ ಹುಟ್ಟಿದವರು ಒದ್ರ ಹಿಡದ ಟೊಂಕ ಬಿಡತೈತಿ,” ಎಂದಳು ಹೆಂಡತಿ ಶಂಕ್ರಮ್ಮ.

“ನಾ ಹಂಗ ಹುಟ್ಟೀನ್ರಿ ಅತ್ತಿ,” ಎಂದು ಸೊಸೆ ಗಾಳೆಮ್ಮ ಸೆರಗು ಸರಿಪಡಿಸಿಕೊಂಡು ಕಾಲೆತ್ತಿದಳು. ಮಾವನೆದುರು ಎಂದೂ ತುಟಿ ಬಿಚ್ಚದವಳು! “ಪಂಚಮಿಗೆ ತವರಿಗೆ ಕಳಸ್ತೀರೇನ್ರಿ, ಮಾವಾರ?”

ಬೆಳಿಗ್ಗೆಯಷ್ಟೇ ಆಗೋದಿಲ್ಲವೆಂದು ಗುಡುಗಿದ್ದವನು, “ಕಳಸ್ತೀನಿ, ಒದಿ ನನ್ನವ್ವ!” ಎಂದು ಗೋಗರೆದ.

ಒದ್ದ ಒದೆತಕ್ಕೆ ಕೊಟ್ರಪ್ಪ ತೊಲೆಗೆ ತಲೆ ತಾಗುವಷ್ಟು ನೆಟ್ಟಗಾದ. ನೋವಿನ ಸುಳಿವೇ ಇಲ್ಲ! ಹಿಗ್ಗಿ ಮೀಸೆಗೆ ಕೈ ಹಾಕಿದ.

“ಯವ್ವಾ! ಹಂಗ ಹುಟ್ಟಿದಾಕಿ ನಿನ್ನ ತಂಗಿ ಅಲ್ಲೇನ?” ಶಂಕ್ರಮ್ಮ ಹೌಹಾರಿದಳು.

“ಹೌದ್ರಿ ಅತ್ತಿ,” ಎಂದು ಗಾಳೆಮ್ಮ ಬಟ್ಟೆಗಂಟು ಎತ್ತಿಕೊಂಡು ಹೊಸ್ತಿಲು ದಾಟಿದಳು. ಮೀಸೆಯ ಮೇಲಿದ್ದ ಕೊಟ್ರಪ್ಪನ ಕೈ ಮೆಲ್ಲಗೆ ಟೊಂಕಕ್ಕೆ ಇಳಿಯಿತು.