ಕೆಂಪು ಸಾಲು

ಪರದೆಯ ಮೇಲೆ 'ನೀನು ತಪ್ಪು ಮಾಡಿದ್ದೀ' ಎಂಬ ಕೆಂಪು ಸಾಲು ಮೂಡುತ್ತಲೇ ಆರನೇ ಕ್ಲಾಸಿನ ಗೊಲ್ಲಾಳಮ್ಮ ಎದ್ದು ನಿಂತು, ಕಣ್ಣು ಬಿಗಿಯಾಗಿ ಮುಚ್ಚಿ, ಏಟಿಗೆಂದು ಅಂಗೈ ಚಾಚಿದಳು.

ಆ ಸಾಲು ಬರೆದವಳು ಅನುರಾಧಾ. ಮಕ್ಕಳಿಗಾಗಿ ಕನ್ನಡದಲ್ಲೇ ಪ್ರೋಗ್ರಾಮಿಂಗ್ ಭಾಷೆ ಕಟ್ಟುವುದು ಅವಳ ಸಂಶೋಧನೆ. ಅದನ್ನು ಪರೀಕ್ಷಿಸಲೆಂದೇ ರಂಗಂಪೇಟೆಯ ಈ ಶಾಲೆಗೆ ಬಂದಿದ್ದಳು. ಹುಡುಗಿ ಬರೆದದ್ದನ್ನು ಬಗ್ಗಿ ಓದಿದಳು. ಎಲ್ಲವೂ ಸರಿಯಾಗಿತ್ತು. ದೋಷವಿದ್ದುದು ಅದನ್ನು ಕಂಪ್ಯೂಟರಿಗೆ ತಿಳಿಸಬೇಕಾದ ತನ್ನ ಕಂಪೈಲರಿನಲ್ಲೇ. ಗೊತ್ತಿದ್ದೂ, ಪ್ರಬಂಧ ಕಳಿಸುವ ಅವಸರದಲ್ಲಿ ಹಾಗೇ ಬಿಟ್ಟಿದ್ದಳು.

"ಕೈ ಕೆಳಗ ಮಾಡವ್ವ. ತಪ್ಪು ನಿಂದಲ್ಲ, ನಂದು."

ಗೊಲ್ಲಾಳಮ್ಮ ಕೈ ಇಳಿಸಲಿಲ್ಲ. ಒಂದು ಕಣ್ಣು ಮಾತ್ರ ತೆರೆದು ಪರದೆಯತ್ತ ನೋಡಿದಳು.

"ಇಲ್ರಿ ಟೀಚರ್, ನಂದೇ ಅಂತ ಬಂದದ ನೋಡ್ರಿ. ಕಂಪ್ಯೂಟರ್ ಸುಳ್ಳು ಹೇಳಂಗಿಲ್ಲ."